ನೆನಪಿಡುವ ಕೆರೆ, ನೆನಪಿಲ್ಲದ ಬಾಗಿಲು

ಸೆಪ್ಟೆಂಬರ್ 15 ಹತ್ತಿರ ಬಂದರೆ ನಮ್ಮ ಅಭ್ಯಾಸ ಶಾಲೆಗಳಿಗೆ ಒಂದು ಭಾಷಣ ಬೇಕಾಗುತ್ತದೆ. ಮುಖ್ಯೋಪಾಧ್ಯಾಯರು ಬೋಧನಾಭ್ಯಾಸಕ್ಕೆ ಬಂದಿರುವ ಪ್ರಶಿಕ್ಷಣಾರ್ಥಿಗಳ ಕಡೆ ನೋಡುತ್ತಾರೆ, ಪ್ರಶಿಕ್ಷಣಾರ್ಥಿಗಳು ಫೋನಿನ ಕಡೆ ನೋಡುತ್ತಾರೆ. ಹುಟ್ಟಿದ್ದು 1861ರಲ್ಲಿ ಮುದ್ದೇನಹಳ್ಳಿ, ದಿವಾನರಾದದ್ದು 1912, ಭಾರತರತ್ನ 1955, ತೀರಿಕೊಂಡದ್ದು 1962, ನಡುವೆ ಕನ್ನಂಬಾಡಿ ಕಟ್ಟೆ. ಹತ್ತು ನಿಮಿಷ, ಚಪ್ಪಾಳೆ, ಒಂದು ಬಾಳೆಹಣ್ಣು. ವಿಜ್ಞಾನ ಬೋಧನಾ ಪದ್ಧತಿ ಕಲಿಸುವ ನಾನು ಇದೇ ಭಾಷಣವನ್ನು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ನಾಲ್ಕೂ ಕಡೆ ಕೇಳಿದ್ದೇನೆ. ಇಸವಿಗಳನ್ನು ಹಿಂದುಮುಂದು ಮಾಡಿ ಓದಿದರೂ ಯಾರಿಗೂ ಗೊತ್ತಾಗದಂಥ ಭಾಷಣ ಅದು. ಒಂದು ಸಾಲಿಗೂ ಅದರ ಹಿಂದಿನ ಸಾಲಿಗೂ ಸಂಬಂಧವೇ ಇರುವುದಿಲ್ಲ.

ಕಳೆದ ಸಾಲಿನಲ್ಲಿ ಈ ಭಾಷಣ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮಾಡಿ ಬಿ.ಎಡ್.ಗೆ ಸೇರಿದ್ದ ಒಬ್ಬ ಹೆಣ್ಣುಮಗಳ ಪಾಲಿಗೆ ಬಂತು. ಅದರ ಹಿಂದಿನ ವಾರವೇ ನಾನು ಆಕೆಯ ಪಾಠ ವೀಕ್ಷಿಸಿದ್ದೆ. ಹತ್ತನೇ ತರಗತಿ, ಓಮನ ನಿಯಮ. ಪಾಠದ ಮಧ್ಯೆ ಆಕೆಗೆ ತಾನು ಎಂಜಿನಿಯರಿಂಗ್‌ನಲ್ಲಿ ಓದಿದ್ದು ನೆನಪಾಯಿತು. ರೋಧಕವು ಸ್ಮೃತಿರಹಿತ ವ್ಯವಸ್ಥೆ, ಧಾರಕವು ಸ್ಮೃತಿಯುಳ್ಳ ವ್ಯವಸ್ಥೆ ಎಂದು ಹಲಗೆಯ ಮೇಲೆ ಬರೆದು ಎರಡು ವ್ಯಾಖ್ಯೆಗಳನ್ನೂ ಓದಿದಳು. ಮಕ್ಕಳು ಬರೆದುಕೊಂಡರು. ತಂತಿಗೆ ನೆನಪು ಹೇಗಿರುತ್ತದೆ ಎಂದು ಒಬ್ಬ ಹುಡುಗ ಕೇಳಿದ. ಆಕೆ ವ್ಯಾಖ್ಯೆಯನ್ನೇ ಇನ್ನೊಮ್ಮೆ ಓದಿದಳು. ನಾನು ವೀಕ್ಷಣಾ ಪುಸ್ತಕದಲ್ಲಿ ಪಠ್ಯದಾಚೆಯ ವಿಷಯ, ಉದಾಹರಣೆ ಇಲ್ಲ, ಹುಡುಗನಿಗೆ ಉತ್ತರ ಸಿಗಲಿಲ್ಲ ಎಂದು ಬರೆದು ಕಡಿಮೆ ಅಂಕ ಹಾಕಿ ಎದ್ದುಬಂದೆ. ಹಿಂದಿನ ಪುಟಗಳನ್ನು ತಿರುವಿ ನೋಡಲಿಲ್ಲ. ನೋಡಿದ್ದರೆ, ಮೊದಲ ಪಾಠದಲ್ಲಿ ಮಕ್ಕಳ ಕಡೆ ಮುಖ ಮಾಡಿ ನಿಲ್ಲುವುದಕ್ಕೂ ಆಗದಿದ್ದವಳು ಇಷ್ಟು ದೂರ ಬಂದಿದ್ದಾಳೆ ಎಂಬುದು ಕಾಣುತ್ತಿತ್ತು.

ಮರುದಿನ ಆಕೆ ಎರಡು ಪ್ರಶ್ನೆ ಹಿಡಿದು ಬಂದಳು. ಆ ಹುಡುಗನಿಗೆ ಏನು ಹೇಳಬೇಕಿತ್ತು, ಹದಿನೈದನೇ ತಾರೀಖಿನ ಭಾಷಣ ಹೇಗೆ ಮಾಡಬೇಕು. ಎರಡಕ್ಕೂ ಒಂದೇ ಉತ್ತರ ಸಾಕಾಗಬಹುದು ಎಂದು ನನಗೆ ಹೊಳೆದದ್ದು ಆಗ. ಮುಂದೆ ಬರೆದಿರುವುದು ಆಕೆಗೆ ನಾನು ಹೇಳಿದ ಜೀವನಕಥೆ. ಆಮೇಲೆ ತಿದ್ದಿಕೊಂಡದ್ದೂ ಸೇರಿದೆ.

ಕಥೆಗೆ ಮೊದಲು ಒಂದು ಬಾಟಲಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ನಾಲ್ಕು ಸಣ್ಣ ಲೋಟ ನೀರು ಹಿಡಿಯುವ ಎತ್ತರಕ್ಕೆ ಪಕ್ಕದಲ್ಲಿ ಒಂದು ತೂತು ಮಾಡಿ. ಇನ್ನೊಂದು ಕೈಯಲ್ಲಿ ಆಲಿಕೆ ಹಿಡಿಯಿರಿ. ಆಲಿಕೆಗೆ ಒಂದು ಲೋಟ ಸುರಿದರೆ ಕೆಳಗೆ ಒಂದು ಲೋಟ ಬರುತ್ತದೆ. ಹತ್ತು ಸಲ ಸುರಿದರೂ ಅಷ್ಟೇ. ಈಗ ಬಾಟಲಿಗೆ ಸುರಿಯಿರಿ. ಮೊದಲ ನಾಲ್ಕು ಲೋಟಕ್ಕೆ ತೂತಿನಿಂದ ಏನೂ ಬರುವುದಿಲ್ಲ, ಐದನೆಯ ಲೋಟಕ್ಕೆ ಒಂದು ಲೋಟ ಹೊರಗೆ ಬರುತ್ತದೆ. ಎರಡನೇ ಸಲ ಸುರಿದದ್ದೂ ಒಂದೇ ಲೋಟ, ಐದನೇ ಸಲ ಸುರಿದದ್ದೂ ಒಂದೇ ಲೋಟ. ಬಂದ ಉತ್ತರ ಮಾತ್ರ ಬೇರೆ. ಈ ಕ್ಷಣದ ಒಳಹರಿವು ಒಂದೇ ಆಗಿದ್ದು ಹೊರಹರಿವು ಬೇರೆಯಾದರೆ ಆ ವ್ಯವಸ್ಥೆಗೆ ನೆನಪಿದೆ ಎಂದು ಅರ್ಥ. ಈ ಕ್ಷಣದ ಒಳಹರಿವೊಂದೇ ಹೊರಹರಿವನ್ನು ತೀರ್ಮಾನಿಸುವುದಾದರೆ ನೆನಪಿಲ್ಲ. ರೋಧಕದಲ್ಲಿ ಈಗ ಎಷ್ಟು ವಿದ್ಯುತ್ತು ಹರಿಯುತ್ತಿದೆಯೋ ಅದಕ್ಕೆ ತಕ್ಕ ವೋಲ್ಟೇಜು, ನಿನ್ನೆಯ ಗೊಡವೆ ಅದಕ್ಕಿಲ್ಲ. ಧಾರಕದ ವೋಲ್ಟೇಜು ಇಲ್ಲಿಯವರೆಗೆ ಬಂದು ಸೇರಿದ ಆವೇಶದ ಒಟ್ಟು ಲೆಕ್ಕ. ಒಂದು ಆಲಿಕೆ, ಇನ್ನೊಂದು ಬಾಟಲಿ.

ಒಳಹರಿವು, ಹೊರಹರಿವು ಎಂಬ ಪದಗಳನ್ನು ನಾನು ಹೊಸದಾಗಿ ಕಟ್ಟಿಲ್ಲ. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದರೆ ಕೆ.ಆರ್.ಎಸ್. ನೀರಿನ ಮಟ್ಟ, ಒಳಹರಿವು, ಹೊರಹರಿವು, ಸಂಗ್ರಹ ಎಂಬ ಪುಟ್ಟ ಪಟ್ಟಿ ಇರುತ್ತದೆ. ಸಂಕೇತ ಸಂಸ್ಕರಣೆಯ ಪುಸ್ತಕಗಳ ಇನ್‌ಪುಟ್, ಔಟ್‌ಪುಟ್, ಸ್ಥಿತಿ ಎಂಬ ಮೂರು ಮಾತುಗಳೂ ಆ ಪಟ್ಟಿಯಲ್ಲಿವೆ. ಇವತ್ತಿನ ಸಂಗ್ರಹವೆಂದರೆ ನಿನ್ನೆಯ ಸಂಗ್ರಹಕ್ಕೆ ಇವತ್ತಿನ ಒಳಹರಿವು ಕೂಡಿಸಿ ಹೊರಹರಿವು ಕಳೆದದ್ದು. ಇಲ್ಲಿ ಒಂದು ಸೂಕ್ಷ್ಮವಿದೆ, ಚುರುಕು ಮಕ್ಕಳಿಗೆ ಹೇಳಬಹುದು. ಜೂನ್‌ನಿಂದ ಬಿದ್ದ ಪ್ರತಿಯೊಂದು ಮಳೆಯ ಲೆಕ್ಕವೂ ಕಟ್ಟೆಗೆ ಬೇಕಿಲ್ಲ, ನಿನ್ನೆಯ ಒಂದು ಅಂಕಿ ಸಾಕು. ಹಿಂದಿನದೆಲ್ಲ ಆ ಅಂಕಿಯೊಳಗೆ ಸೇರಿಹೋಗಿರುತ್ತದೆ.

ಇನ್ನು ಆ ಕಟ್ಟೆಯ ಮನುಷ್ಯ.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ನಂದಿ ಬೆಟ್ಟದ ಸಾಲಿನ ಬುಡದಲ್ಲಿದೆ. ಆಗ ಅದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಿರಿಯರು ಈಗಿನ ಆಂಧ್ರದ ಮೋಕ್ಷಗುಂಡಂನಿಂದ ಬಂದವರು. ಮನೆಮಾತು ತೆಲುಗು, ಊರಿನ ಮಾತು ಕನ್ನಡ, ಅಪ್ಪನ ವಿದ್ಯೆ ಸಂಸ್ಕೃತ. ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಮಕ್ಕಳಿಗೆ ಇದನ್ನು ಮರೆಯದೆ ಹೇಳಿ. ಮನೆಯಲ್ಲಿ ಚೆರುವು ಎಂದು ಶಾಲೆಯಲ್ಲಿ ಕೆರೆ ಎನ್ನುವ ಮಕ್ಕಳು ಅದನ್ನೊಂದು ಕೊರತೆಯೆಂದು ಭಾವಿಸಿಕೊಂಡಿರುತ್ತಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಅಪ್ಪ ಬೇಗ ತೀರಿಕೊಂಡರು. ಮನೆಯಲ್ಲಿ ದುಡ್ಡಿರಲಿಲ್ಲ, ಓದು ಇತ್ತು. ಈ ಮಾತನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರು ಬೆಳೆದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಉತ್ತರ ಪಿನಾಕಿನಿ ಈ ಬೆಟ್ಟಗಳಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದು ಆಂಧ್ರಕ್ಕೆ ಹೋಗುತ್ತದೆ, ಆದರೆ ಬೇಸಿಗೆಯಲ್ಲಿ ಅದರ ಪಾತ್ರದಲ್ಲಿ ನಡೆದುಕೊಂಡೇ ದಾಟಬಹುದು. ಬರೀ ಬೆಟ್ಟ, ಬರೀ ಹಳ್ಳ ಇದ್ದ ನೆಲವೆಂದರೆ ಆಲಿಕೆಯಂತೆ. ಮಳೆ ಬಂದ ದಿನ ನೀರು, ಮರುದಿನ ಮರಳು. ಆ ನೆಲಕ್ಕೆ ನಮ್ಮ ಹಿಂದಿನವರು ಕೆರೆ ಕಟ್ಟಿ ನೆನಪು ಕೊಟ್ಟರು. ಚಿಕ್ಕಬಳ್ಳಾಪುರದ ಕಂದವಾರ ಕೆರೆ, ಶಿಡ್ಲಘಟ್ಟದ ಅಮಾನಿ ಕೆರೆ, ಚಿಂತಾಮಣಿಯ ಕನ್ನಂಪಲ್ಲಿ ಕೆರೆ, ಒಂದರ ಕೋಡಿ ಹರಿದರೆ ಇನ್ನೊಂದಕ್ಕೆ ನೀರು ಎನ್ನುವಂತೆ ಕಟ್ಟಿದ ನೂರಾರು ಸಣ್ಣ ಕೆರೆಗಳು. ಅಕ್ಟೋಬರ್‌ನ ಮಳೆ ಫೆಬ್ರವರಿಯ ಗದ್ದೆಗೆ ಸಿಗುತ್ತಿದ್ದುದು ಇವುಗಳಿಂದ. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ ಆ ಹುಡುಗನ ಕಣ್ಣಿಗೆ ಏರಿ, ತೂಬು, ಕೋಡಿಗಳು ಪಠ್ಯದ ಪದಗಳಾಗಿರಲಿಲ್ಲ.

ಮುಂದಿನ ಓದು ಬೆಂಗಳೂರಿನಲ್ಲಿ. ಮನೆಪಾಠ ಹೇಳಿ ಖರ್ಚು ನಿಭಾಯಿಸಿಕೊಂಡು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ನಾಸಿಕ, ಖಾಂದೇಶ, ಸಿಂಧ್ ಪ್ರಾಂತದ ಸುಕ್ಕೂರು. ಸುಕ್ಕೂರಿನ ಕುಡಿಯುವ ನೀರಿನ ಕೆಲಸ ಅವರಿಗೆ ಹೆಸರು ತಂದಿತು. ಈ ಭಾಗವನ್ನು ತರಗತಿಯಲ್ಲಿ ಬೇಗ ಮುಗಿಸಿ. ಮಕ್ಕಳಿಗೆ ವರ್ಗಾವಣೆಗಳ ಪಟ್ಟಿ ಬೇಡ.

ನಿಲ್ಲಬೇಕಾದದ್ದು 1899ರಲ್ಲಿ, ದಖ್ಖನಿನ ಕಾಲುವೆಗಳ ಮೇಲೆ. ಕಾಲುವೆಯ ನೀರನ್ನು ಕೇಳಿದವರಿಗೆ ಕೇಳಿದಾಗ ಕೊಡುತ್ತಿದ್ದರು. ನೀರು ಸಿಕ್ಕ ಕೆಲವೇ ಹಳ್ಳಿಗಳು ವರ್ಷವರ್ಷವೂ ಕಬ್ಬು ಬೆಳೆದು ಹೊಲ ಕೆಡಿಸಿಕೊಳ್ಳುತ್ತಿದ್ದವು, ದೂರದ ಹಳ್ಳಿಗಳಿಗೆ ನೀರೇ ಇಲ್ಲ. ವಿಶ್ವೇಶ್ವರಯ್ಯನವರು ತಂದ ಬ್ಲಾಕ್ ಪದ್ಧತಿಯಲ್ಲಿ ಅಚ್ಚುಕಟ್ಟನ್ನು ತುಂಡುಗಳಾಗಿ ಹಂಚಿ, ಹೆಚ್ಚು ಹಳ್ಳಿಗಳಿಗೆ ನೀರು ಮುಟ್ಟಿಸಿ, ಪ್ರತಿ ತುಂಡಿನೊಳಗೂ ಹೆಚ್ಚು ನೀರಿನ ಬೆಳೆ, ಕಡಿಮೆ ನೀರಿನ ಬೆಳೆಗಳನ್ನು ಸರದಿಯ ಮೇಲೆ ತಿರುಗಿಸಬೇಕು. ಈ ವರ್ಷ ಈ ಹೊಲಕ್ಕೆ ಎಷ್ಟು ನೀರು ಎಂಬುದು ಕಳೆದ ವರ್ಷ ಅಲ್ಲಿ ಏನಿತ್ತು ಎಂಬುದನ್ನು ಅವಲಂಬಿಸುತ್ತದೆ. ಹೊಲಕ್ಕೆ ಮೊದಲೇ ನೆನಪಿತ್ತು, ನೀರು ಹಂಚುವ ಕಚೇರಿಗೆ ಇರಲಿಲ್ಲ. ಅವರು ಅದನ್ನು ಕಚೇರಿಯ ಪುಸ್ತಕಕ್ಕೂ ತಂದರು. ರೈತರು ಮೊದಲು ಒಪ್ಪಲಿಲ್ಲ, ಪತ್ರಿಕೆಗಳು ಟೀಕಿಸಿದವು. ಆಮೇಲೆ ಪದ್ಧತಿ ನಿಂತಿತು.

ಅದೇ ಮನುಷ್ಯ ನಾಲ್ಕೇ ವರ್ಷದಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಯಂತ್ರ ಮಾಡಿದರು. ಆ ಹೆಣ್ಣುಮಗಳ ಕಣ್ಣು ಅರಳಿದ್ದು ಇಲ್ಲಿಗೆ ಬಂದಾಗ. ಪುಣೆಯ ಹತ್ತಿರದ ಖಡಕವಾಸ್ಲಾ ಜಲಾಶಯದಲ್ಲಿ ಪ್ರತಿ ಮಳೆಗಾಲವೂ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಕೋಡಿ ಎತ್ತರಿಸಿದರೆ ದೊಡ್ಡ ಪ್ರವಾಹ ಬಂದ ದಿನ ಕಟ್ಟೆಗೇ ಅಪಾಯ. ತಗ್ಗಾಗಿಯೇ ಬಿಟ್ಟರೆ ಬೇಸಿಗೆಗೆ ನೀರು ಸಾಲದು. ಕೋಡಿಯ ಮೇಲೆ ಬಾಗಿಲು ಇಡಬಹುದು, ಆದರೆ ನಡುರಾತ್ರಿ ಪ್ರವಾಹ ಬಂದಾಗ ಯಾರು ಎದ್ದು ಎತ್ತಬೇಕು? 1903ರಲ್ಲಿ ಅವರು ಅಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟಿದರೆ ನೀರಿನ ಬಲದಿಂದಲೇ ಬಾಗಿಲು ತೆರೆಯುತ್ತದೆ, ಮಟ್ಟ ಇಳಿದರೆ ತಾನಾಗಿ ಮುಚ್ಚುತ್ತದೆ. ಕಟ್ಟೆ ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಆ ವಿನ್ಯಾಸಕ್ಕೆ ಅವರ ಹೆಸರಿನಲ್ಲಿ ಪೇಟೆಂಟ್ ಸಿಕ್ಕಿತು. ಗ್ವಾಲಿಯರಿನ ತಿಗ್ರಾ, ನಮ್ಮ ಕೃಷ್ಣರಾಜಸಾಗರ ಎರಡಕ್ಕೂ ಆಮೇಲೆ ಅದೇ ಬಗೆಯ ಬಾಗಿಲುಗಳು ಬಂದವು.

ಆ ಬಾಗಿಲು ಕೇಳುವುದು ಒಂದೇ ಪ್ರಶ್ನೆ, ಈಗ ಮಟ್ಟ ಎಷ್ಟು ಎಂದು. ನಿನ್ನೆ ಮಳೆ ಬಂದಿತ್ತೆ, ಕಳೆದ ವರ್ಷ ಬರವಿತ್ತೆ, ಕೆಳಗಿನ ಹಳ್ಳಿಯಲ್ಲಿ ಜಾತ್ರೆಯೆ, ಏನೂ ಕೇಳುವುದಿಲ್ಲ. ಮಾಮೂಲಿ ಕೋಡಿಯೂ ಹೀಗೆಯೇ. ಅದರ ಮೇಲಿನ ನೀರಿನ ಎತ್ತರ ಎರಡು ಪಟ್ಟಾದರೆ ಹರಿವು ಸುಮಾರು 2.8 ಪಟ್ಟಾಗುತ್ತದೆ, ಆ ಎತ್ತರ ಸೋಮವಾರ ಬಂದದ್ದೋ ಶುಕ್ರವಾರ ಬಂದದ್ದೋ ಎಂಬುದು ಲೆಕ್ಕಕ್ಕಿಲ್ಲ. ನೆನಪಿಡುವ ಜಲಾಶಯದ ತುದಿಗೆ ನೆನಪಿಲ್ಲದ ಬಾಗಿಲು. ಮಟ್ಟವನ್ನು ಒಳಹರಿವು ಎಂದುಕೊಂಡರೆ ಬಾಗಿಲು ಸ್ಮೃತಿರಹಿತ. ಮಳೆಯನ್ನು ಒಳಹರಿವು ಎಂದುಕೊಂಡು ಜಲಾಶಯ, ಬಾಗಿಲು ಎರಡನ್ನೂ ಸೇರಿಸಿ ನೋಡಿದರೆ ಇಡೀ ವ್ಯವಸ್ಥೆಗೆ ಸ್ಮೃತಿ ಇದೆ. ಗೆರೆ ಎಲ್ಲಿ ಹಾಕಿಕೊಂಡಿರಿ ಎಂಬುದನ್ನು ಹೇಳದೆ ನೆನಪಿದೆಯೋ ಇಲ್ಲವೋ ಎಂದು ಕೇಳಬೇಡಿ. ಪ್ರಶ್ನೆಪತ್ರಿಕೆ ಮಾಡುವಾಗ ನಾವು ಜಾರುವುದು ಇಲ್ಲಿಯೇ. ಬಿ.ಇ. ಓದಿದವಳಾದ್ದರಿಂದ ಆಕೆ ಒಂದು ತಕರಾರು ತೆಗೆದಳು. ತೆರೆಯುವ ಮಟ್ಟ ಒಂದು, ಮುಚ್ಚುವ ಮಟ್ಟ ಇನ್ನೊಂದು ಆದರೆ ನಡುವಿನ ಮಟ್ಟದಲ್ಲಿ ಬಾಗಿಲು ತೆರೆದಿರಬಹುದು, ಮುಚ್ಚಿರಬಹುದು. ಹಾಗಾದರೆ ಬಾಗಿಲಿಗೂ ಚೂರು ನೆನಪಿದ್ದಂತೆ ಅಲ್ಲವೇ ಎಂದು. ಸರಿಯಾದ ಮಾತು. ಒಪ್ಪಿಕೊಂಡೆ. ಪ್ರೌಢಶಾಲೆಯಲ್ಲಿ ಅದನ್ನು ಬಿಡಬಹುದು, ಯಾರಾದರೂ ಕೇಳಿದರೆ ಮಾತ್ರ ಬಿಡಬಾರದು.

ನನಗೆ ಈ ಬಾಗಿಲಿನ ಬಗ್ಗೆ ಒಂದು ಸ್ವಂತ ಮಾತಿದೆ. ನಮ್ಮ ತಾತ ಶಿಡ್ಲಘಟ್ಟ ತಾಲ್ಲೂಕಿನ ಒಂದು ಕೆರೆಗೆ ನೀರುಗಂಟಿ. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಕಟ್ಟುವುದು, ಮಳೆಗಾಲದಲ್ಲಿ ಏರಿಯ ಮೇಲೆ ಲಾಂದ್ರ ಹಿಡಿದು ಓಡಾಡುವುದು ಅವರ ಕೆಲಸ. ಯಾರ ಗದ್ದೆಗೆ ಕಳೆದ ಸಲ ಕಡಿಮೆ ಹೋಯಿತು, ಯಾವ ವರ್ಷ ಕೆರೆ ಯಾವ ಗುಂಡಿನವರೆಗೆ ಬಂದಿತ್ತು, ಎಲ್ಲವೂ ತಲೆಯಲ್ಲಿ. ಕೂಲಿ ಸುಗ್ಗಿಯಲ್ಲಿ ಕಣದಲ್ಲಿ ಅಳೆದು ಕೊಟ್ಟಷ್ಟು ಕಾಳು. ಅವರನ್ನು ಆ ಗದ್ದೆಗಳ ಮನೆಗಳ ಒಳಗೆ ಬಿಡುತ್ತಿರಲಿಲ್ಲ. ಮನುಷ್ಯ ನಿದ್ದೆ ಹೋಗಬಹುದು, ಹೆದರಬಹುದು, ದಾಕ್ಷಿಣ್ಯಕ್ಕೆ ಬೀಳಬಹುದು, ಅದಕ್ಕೇ ಬಾಗಿಲು ತಾನಾಗಿ ತೆರೆಯಬೇಕು ಎಂಬ ಯೋಚನೆ ನನಗೆ ಅರ್ಥವಾಗುತ್ತದೆ. ಪ್ರವಾಹಕ್ಕೆ ಅದೇ ಸರಿ. ನೀರು ಹಂಚುವುದಕ್ಕೆ ಮಾತ್ರ ನಮ್ಮ ತಾತನ ತಲೆಯೇ ಬೇಕಿತ್ತು.

1908ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿಯ ಸೇವೆ ಬಿಟ್ಟು ಹೊರದೇಶಗಳನ್ನು ನೋಡಲು ಹೋದರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನು ಕರೆಸಿಕೊಂಡಿತು. ನಮ್ಮ ಸೀಮೆಯವರಿಗೆ ಈ ಪ್ರಕರಣ ಬೇಗ ಅರ್ಥವಾಗಬೇಕು, ಏಕೆಂದರೆ ಮೂಸಿಯ ಮೇಲುಭಾಗವೂ ನಮ್ಮಲ್ಲಿಯಂತೆ ನೂರಾರು ಕೆರೆಗಳ ಸರಪಳಿ. ವಿಪರೀತ ಮಳೆಗೆ ಮೇಲಿನ ಕೆರೆ ಒಡೆದು ಅದರ ನೀರು ಕೆಳಗಿನದಕ್ಕೆ ನುಗ್ಗಿತು, ಅದೂ ಒಡೆಯಿತು. ಒಂದರ ಹೊರಹರಿವು ಇನ್ನೊಂದರ ಒಳಹರಿವು. ಒಡೆದ ಕೆರೆ ತಿಂಗಳುಗಟ್ಟಲೆ ಕೂಡಿಟ್ಟದ್ದನ್ನು ಒಂದೇ ಸಲಕ್ಕೆ ಹೊರಗೆ ಹಾಕುತ್ತದೆ. ಅವರ ಸಲಹೆ ನಗರದ ಮೇಲ್ಗಡೆ ಎರಡು ದೊಡ್ಡ ಜಲಾಶಯಗಳು. ಮೂಸಿಗೆ ಉಸ್ಮಾನ್ ಸಾಗರ್, ಈಸಿ ಹೊಳೆಗೆ ಹಿಮಾಯತ್ ಸಾಗರ್. 1920ರ ದಶಕ ಮುಗಿಯುವ ಮೊದಲು ಎರಡೂ ಎದ್ದವು. ಪ್ರವಾಹ ತಡೆಯುವ ಜಲಾಶಯದಲ್ಲಿ ಒಂದಿಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು. ತುಂಬಿ ತುಳುಕುವ ಜಲಾಶಯ ಪ್ರವಾಹದ ಮುಂದೆ ಹೆಚ್ಚುಕಡಿಮೆ ಆಲಿಕೆಯೇ, ಬಂದದ್ದು ಬಂದಂತೆ ಹೋಗುತ್ತದೆ. ಇದನ್ನು ಬಾಟಲಿಯಲ್ಲಿ ತೋರಿಸಬಹುದು. ತೂತಿನವರೆಗೆ ಮೊದಲೇ ತುಂಬಿಸಿ ಐದು ಲೋಟ ಸುರಿಯಿರಿ, ಐದೂ ಹೊರಗೆ. ಖಾಲಿ ಬಾಟಲಿಗೆ ಸುರಿಯಿರಿ, ಒಂದೇ ಹೊರಗೆ.

1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕನ್ನಂಬಾಡಿಯ ಕೆಲಸ 1911ರಲ್ಲಿ ಶುರು. ಅದು ಬರೀ ಮಂಡ್ಯದ ಗದ್ದೆಗಳ ಕಥೆ ಎಂದು ನಮ್ಮ ಮಕ್ಕಳಿಗೆ ಅನಿಸುತ್ತದೆ, ಆದರೆ ಅದರ ಒಂದು ಎಳೆ ಕೋಲಾರಕ್ಕೆ ಬಂದಿದೆ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬರುತ್ತಿತ್ತು. ಗಣಿಗೆ ಹನ್ನೆರಡು ತಿಂಗಳೂ ಒಂದೇ ಸಮನಾದ ವಿದ್ಯುತ್ತು ಬೇಕು, ಕಾವೇರಿಗೆ ಬೇಸಿಗೆಯಲ್ಲಿ ಅಷ್ಟು ನೀರಿಲ್ಲ. ಮಳೆಗಾಲದ ಏರು, ಬೇಸಿಗೆಯ ಇಳಿತ ಎರಡನ್ನೂ ಸಮ ಮಾಡಿ ನದಿಗೆ ಬಿಡುವುದು ಕಟ್ಟೆಯ ಒಂದು ಕೆಲಸವಾಗಿತ್ತು. ಸಂಕೇತ ಸಂಸ್ಕರಣೆಯಲ್ಲಿ ಏರಿಳಿತ ನುಣುಪು ಮಾಡುವ ಶೋಧಕ ಎನ್ನುತ್ತಾರಲ್ಲ, ಅದು. ಹಿಂದಿನ ಕೆಲವು ದಿನಗಳ ಸರಾಸರಿ ತೆಗೆಯುವ ಯಾವ ವ್ಯವಸ್ಥೆಗೂ ಹಿಂದಿನ ದಿನಗಳು ನೆನಪಿರಲೇಬೇಕು. ಸುಮಾರು 49 ಟಿಎಂಸಿ ಹಿಡಿಯುವ ಆ ಕಟ್ಟೆ ಮದ್ರಾಸಿನೊಡನೆ ವ್ಯಾಜ್ಯ, 1924ರ ಒಪ್ಪಂದ ಎಲ್ಲ ದಾಟಿ ಪೂರ್ತಿಯಾಗುವ ಹೊತ್ತಿಗೆ 1930ರ ದಶಕ ಶುರುವಾಗಿತ್ತು. ಅದರ ಕೆಳಗೆ ಹಳೆಯ ಕನ್ನಂಬಾಡಿ ಊರು ಮುಳುಗಿತು.

1912ರಲ್ಲಿ ದಿವಾನರಾದ ಮೇಲೆ ಆರು ವರ್ಷದಲ್ಲಿ ಅವರು ಶುರು ಮಾಡಿಸಿದ್ದನ್ನು ಪಟ್ಟಿ ಮಾಡುವ ಆಸೆಯನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ತಡೆದುಕೊಳ್ಳಬೇಕು. ಶಿಕ್ಷಕರಾಗುವವರು ಎರಡು ಹಿಡಿದುಕೊಂಡರೆ ಸಾಕು. 1913ರ ಪ್ರಾಥಮಿಕ ಶಿಕ್ಷಣ ಕಾನೂನು, ಆಯ್ದ ಕೆಲವು ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅದು ದಾರಿ ಮಾಡಿತು; 1916ರ ಮೈಸೂರು ವಿಶ್ವವಿದ್ಯಾನಿಲಯ. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನಗಳೂ ಆ ಕಾಲದಲ್ಲಿ ಬಂದವು.

1918ರ ವಿಷಯಕ್ಕೆ ಬಂದಾಗ ನಾನು ಸ್ವಲ್ಪ ತಡವರಿಸಿದೆ. ಭಾಷಣಗಳಲ್ಲಿ ಅದನ್ನು ಅವರು ದಿವಾನಗಿರಿ ಬಿಟ್ಟರು ಎಂಬ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತೇವೆ. ಏಕೆ ಬಿಟ್ಟರು ಎಂದು ಮಕ್ಕಳು ಕೇಳಿದರೆ? ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದ ಸಮುದಾಯಗಳಿಗೂ ಪಾಲು ಬೇಕು ಎಂಬ ಬೇಡಿಕೆ ಬಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡರಷ್ಟು ಆ ಸಮುದಾಯಗಳಿಗೆ ಸಿಗುವಂತಾಗಬೇಕು ಎಂದು ಸಮಿತಿ 1919ರಲ್ಲಿ ಹೇಳಿತು. ಅರ್ಹತೆ ಒಂದೇ ಅಳತೆಯಾಗಬೇಕು, ಇಲ್ಲವಾದರೆ ಆಡಳಿತದ ದಕ್ಷತೆ ಕುಗ್ಗುತ್ತದೆ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಅವರು ಸಮಿತಿಯ ವರದಿ ಬರುವ ಮೊದಲೇ ಹೊರಗೆ ಬಂದರು. ಸ್ವಾರ್ಥಕ್ಕೆ ಮಾಡಿದ್ದು ಎಂದು ಅವರನ್ನು ಟೀಕಿಸಿದವರೂ ಹೇಳುವುದು ಕಷ್ಟ.

ಆದರೆ ನಾನು ಈ ಕಾಲೇಜಿನ ಕುರ್ಚಿಯಲ್ಲಿ ಕೂತಿರುವುದು ಮೀಸಲಾತಿಯಿಂದ. ಪರೀಕ್ಷೆಯ ಅಂಕವೊಂದನ್ನೇ ನೋಡುವುದೆಂದರೆ ಈಗ ಮಟ್ಟ ಎಷ್ಟು ಎಂದು ಕೇಳುವ ಬಾಗಿಲು. ಪ್ರವಾಹಕ್ಕೆ ಒಳ್ಳೆಯದಾದ ಬಾಗಿಲು ಮನುಷ್ಯರ ಮುಂದೆ ಇಟ್ಟಾಗ, ಒಂದು ಮನೆಗೆ ಐದನೆಯ ಲೋಟ, ಇನ್ನೊಂದಕ್ಕೆ ಮೊದಲನೆಯದು ಎಂಬುದು ಅದಕ್ಕೆ ಕಾಣುವುದಿಲ್ಲ. ಮುದ್ದೇನಹಳ್ಳಿಯ ಮನೆಯಲ್ಲಿ ದುಡ್ಡಿರಲಿಲ್ಲ, ಓದು ಇತ್ತು ಎಂದೆನಲ್ಲ. ನಮ್ಮ ತಾತನ ಮನೆಯಲ್ಲಿ ಎರಡೂ ಇರಲಿಲ್ಲ. ನಮ್ಮ ಅಪ್ಪ ಮೊದಲ ಲೋಟ, ನಾನು ಎರಡನೆಯದು ಇರಬಹುದು. ಹೊಲಕ್ಕೆ ಹಿಂದಿನ ಬೆಳೆ ನೆನಪಿರುತ್ತದೆ ಎಂದು 1899ರಲ್ಲೇ ಕಂಡ ಮನುಷ್ಯ ಇದನ್ನು ಹಾಗೆ ಕಾಣಲಿಲ್ಲವಲ್ಲ ಎಂದು ನನಗೆ ಈಗಲೂ ಬೇಸರವಿದೆ. ಗೌರವ ಕಡಿಮೆಯಾಗಿಲ್ಲ. ಪ್ರತಿ ವರ್ಷ ಪ್ರಶಿಕ್ಷಣಾರ್ಥಿಗಳನ್ನು ಮುದ್ದೇನಹಳ್ಳಿಯ ಸ್ಮಾರಕಕ್ಕೆ ಕರೆದುಕೊಂಡು ಹೋಗುವವನು ನಾನೇ. ಹೇಳಬೇಕೋ ಬೇಡವೋ ಎಂದು ಆ ಹೆಣ್ಣುಮಗಳು ಕೇಳಿದಳು. ಮಕ್ಕಳು ಕೇಳಿದರೆ ಎರಡೂ ಕಡೆಯ ಮಾತು ಹೇಳಿ, ನಿಮ್ಮ ಅಭಿಪ್ರಾಯವನ್ನು ಕೇಳಿದರೆ ಅದನ್ನೂ ಹೇಳಿ ಎಂದೆ.

ಆಮೇಲಿನ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದ್ದು, 1934ರಲ್ಲಿ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಬರೆದದ್ದು, ತೊಂಬತ್ತು ದಾಟಿದ ಮೇಲೆ ಗಂಗೆಯ ಮೇಲಿನ ಮೊಕಾಮಾ ಸೇತುವೆಗೆ ಸಲಹೆ ಕೊಟ್ಟದ್ದು. ನೂರು ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ಒಂದು ಕಥೆಯ ಬಗ್ಗೆ ಎಚ್ಚರಿಕೆ. ರೈಲಿನಲ್ಲಿ ಕುಳಿತಿದ್ದ ಅವರು ಗಾಲಿಗಳ ಸದ್ದು ಬದಲಾದದ್ದನ್ನು ಕೇಳಿ ಸರಪಳಿ ಎಳೆದರು, ಮುಂದೆ ಹಳಿ ಬಿರುಕುಬಿಟ್ಟಿತ್ತು ಎಂದು ಎಲ್ಲ ಶಾಲೆಗಳಲ್ಲೂ ಹೇಳುತ್ತಾರೆ. ಅದನ್ನು ಕಥೆಯೆಂದೇ ಹೇಳಿ, ಚರಿತ್ರೆಯ ಸಾಲಿಗೆ ಸೇರಿಸಬೇಡಿ. ನಮ್ಮ ಪಾಠಕ್ಕೆ ಮಾತ್ರ ಅದು ಹೇಳಿ ಮಾಡಿಸಿದಂತಿದೆ. ಹಿಂದಿನ ಸದ್ದುಗಳು ಕಿವಿಯಲ್ಲಿ ಉಳಿದಿಲ್ಲದವನಿಗೆ ಲಯ ತಪ್ಪಿದ್ದು ತಿಳಿಯುವುದಿಲ್ಲ. ಪ್ರತಿ ಸದ್ದನ್ನೂ ಬಿಡಿಬಿಡಿಯಾಗಿ ಕೇಳುವ ಯಂತ್ರಕ್ಕೆ ಒಳ್ಳೆಯ ಹಳಿಯೂ ಒಂದೇ, ಒಡೆದ ಹಳಿಯೂ ಒಂದೇ.

ಹದಿನೈದನೇ ತಾರೀಖು ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಆಕೆ ಆಲಿಕೆ, ಬಾಟಲಿ ತಂದಿದ್ದಳು, ಹಲಗೆಯ ಮೇಲೆ ಆ ದಿನದ ಪತ್ರಿಕೆಯ ಕೆ.ಆರ್.ಎಸ್. ಪಟ್ಟಿ. ಎರಡನೇ ಲೋಟಕ್ಕೂ ಐದನೇ ಲೋಟಕ್ಕೂ ಉತ್ತರ ಏಕೆ ಬೇರೆ ಎಂದು ಕೇಳಿದಾಗ ಓಮನ ನಿಯಮದ ದಿನ ಪ್ರಶ್ನೆ ಕೇಳಿದ್ದ ಹುಡುಗನೇ ಎದ್ದು, ಮೊದಲಿನದು ಒಳಗೆ ಕೂತಿದೆಯಲ್ಲ ಮಿಸ್ ಎಂದ. ತಂತಿಯ ಪ್ರಶ್ನೆಗೂ ಅವನೇ ಉತ್ತರ ಹೇಳಿಕೊಂಡ, ತಂತಿ ಆಲಿಕೆ ಎಂದು. 1918ರ ಬಗ್ಗೆ ಯಾರೂ ಕೇಳಲಿಲ್ಲ. ಅದಕ್ಕೆ ಬದಲು ಮುಂದಿನ ಸಾಲಿನ ಹುಡುಗಿಯೊಬ್ಬಳು, ತಮ್ಮೂರ ಕೆರೆಯಲ್ಲಿ ಅರ್ಧ ಹೂಳು ತುಂಬಿದೆ, ಕಳೆದ ಸಲ ಒಂದೇ ಮಳೆಗೆ ಕೋಡಿ ಹೋಯಿತು, ಮಾರ್ಚ್‌ಗೆ ಒಣಗಿತು, ಹಾಗಾದರೆ ಅದಕ್ಕೆ ಮರೆವು ಬಂದಿದೆಯೇ ಎಂದು ಕೇಳಿದಳು. ಈ ಪ್ರಶ್ನೆಗೆ ನಾವಿಬ್ಬರೂ ಸಿದ್ಧರಿರಲಿಲ್ಲ. ಆಕೆ ಗಾಬರಿಯಾಗಲಿಲ್ಲ, ನಾಳೆ ಬಾಟಲಿಯಲ್ಲೇ ನೋಡೋಣ ಎಂದಳು.

ನಾನು ವೀಕ್ಷಣಾ ಪುಸ್ತಕ ತೆಗೆದು, ಈ ಸಲ ಮೊದಲ ಪುಟದಿಂದ ಓದಿಕೊಂಡು ಬಂದು, ಆಮೇಲೆ ಬರೆದೆ. ಮರುದಿನ ಆಕೆ ಕೆರೆಯಂಗಳದ ಜೇಡಿಮಣ್ಣು ತಂದು ಬಾಟಲಿಯಲ್ಲಿ ಎರಡು ಲೋಟದ ಗುರುತಿನವರೆಗೆ ಮೆತ್ತಿದಳು. ಆ ಹುಡುಗಿಯ ಕೈಯಲ್ಲೇ ನೀರು ಸುರಿಸಿದಳು. ಮೂರನೇ ಲೋಟಕ್ಕೇ ತೂತಿನಿಂದ ನೀರು ಬಂತು.